ತಣ್ಣಗಾಗದ ಬೀಕರ್

ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಜೆಲ್ ಅಕ್ಕ ಅಂತಲೇ ಕರೆಯುವುದು. ಪ್ರೋಟೀನ್ ಬೇರ್ಪಡಿಸುವ ಜೆಲ್‌ಗೆ ಬೇಕಾದ ಅಕ್ರಿಲಮೈಡ್ ದ್ರಾವಣವನ್ನು ಬಾಟಲಿ ತುಂಬ ಮಾಡಿ ಫ್ರಿಜ್‌ನಲ್ಲಿಡುವುದು ಅವರ ಕೆಲಸ. ಪಕ್ಕದ ಮೇಜು ನನ್ನದು. ಬಾಣಂತನ ಮುಗಿಸಿ ವಾಪಸು ಬಂದ ದಿನ ನನ್ನ ಕೈಯಿಂದ ಆ ಪುಡಿಯ ಡಬ್ಬ ಕಿತ್ತುಕೊಂಡರು.

"ಹಾಲು ಕುಡಿಸೋಳು ನೀನು, ಇದರ ಹತ್ತಿರ ಸುಳೀಬೇಡ. ನರಕ್ಕೇ ಕೈ ಹಾಕುತ್ತೆ ಇದು."

"ನಿಮಗೆ ನರ ಇಲ್ವಾ ಅಕ್ಕಾ?"

"ನಂದು ಹಳೇ ಕಾಲದ ತಂತಿ ಕಣೇ, ಏನೂ ಆಗಲ್ಲ."

ಆ ಪುಡಿ ನೀರಿನಲ್ಲಿ ಕರಗುವಾಗ ಬೀಕರ್ ಕೊರೆಯುವಷ್ಟು ತಣ್ಣಗಾಗುತ್ತದೆ. ಅಕ್ಕ ಬಲಗೈ ಗ್ಲೌಸ್ ಕಳಚಿ, ಮಗುವಿನ ಜ್ವರ ನೋಡುವವರ ಹಾಗೆ ಗಾಜಿಗೆ ಅಂಗೈ ಒತ್ತುತ್ತಾರೆ. ತಂಪು ಬಿಟ್ಟರೆ ಕರಗಿ ಮುಗಿಯಿತು ಅಂತ ಲೆಕ್ಕ. ಗ್ಲೌಸ್ ಹಾಕಿಕೊಂಡೇ ಮುಟ್ಟಿ ಅಂದರೆ, "ನಾಲಿಗೆಗೆ ಬಟ್ಟೆ ಸುತ್ಕೊಂಡು ಉಪ್ಪು ನೋಡ್ತಾರೇನೇ?" ಅನ್ನುತ್ತಾರೆ. ಮಗು ಹೊಟ್ಟೆಗೆ ಬರುವ ಮುಂಚೆ ನನಗೂ ಹಾಗೇ ಕಲಿಸಿದ್ದರು, ನಾನೂ ಬರಿಗೈಯಲ್ಲೇ ಮುಟ್ಟಿ ನೋಡುತ್ತಿದ್ದೆ.

ಹೋದ ತಿಂಗಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು. ಇನ್ನೊಂದು ಕಾರಿಡಾರಿನಲ್ಲೇ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. "ಚಪ್ಪಲಿಗೂ ನನ್ನ ಸಹವಾಸ ಸಾಕಾಯ್ತು ನೋಡು" ಅಂತ ನಕ್ಕರು. ನಾನೂ ನಕ್ಕೆ. ಆಮೇಲೊಂದು ದಿನ ಕೋಟಿನ ಗುಂಡಿ ಸಿಗದೆ ಬೆರಳು ತಡಕಾಡುವುದನ್ನು ಕಂಡಾಗ ನಗು ಬರಲಿಲ್ಲ.

ಇವತ್ತು ಬೀಕರಿಗೆ ಕೈ ಒತ್ತಿಕೊಂಡು ನಿಂತೇ ಇದ್ದರು.

"ಈ ಸಲದ ಪುಡಿ ಸರಿಯಿಲ್ಲ ಕಣೇ. ತಣ್ಣಗಾಗ್ತಾನೇ ಇಲ್ಲ. ಚೆಲ್ಲಿಬಿಡೋಣ."

ಗಾಜಿನ ಮೇಲೆ ಹನಿ ಕಟ್ಟಿ ಅವರ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ನಾನು ಗ್ಲೌಸ್ ಹಾಕಿಕೊಂಡೇ ಮುಟ್ಟಿದೆ. ಅದರೊಳಗೂ ಕೊರೆಯಿತು.

"ಅಕ್ಕಾ, ತಣ್ಣಗಿದೆ."

"ಸುಮ್ನಿರೇ, ತಮಾಷೆ ಮಾಡಬೇಡ."

"ಮಂಜಿನ ಹಾಗಿದೆ ಅಕ್ಕಾ."

ಎಡಗೈ ಗ್ಲೌಸನ್ನೂ ಕಿತ್ತು ಒತ್ತಿ ನೋಡಿದರು. ಅವರನ್ನು ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಚ್ಚಿ ಎರಡೂ ಕೈ ತೊಳೆಸಿದೆ. ಆಗ ಮೆಲ್ಲಗೆ ಕೇಳಿದರು, "ಇದು ಬಿಸಿನೀರಾ, ತಣ್ಣೀರಾ?"

ನಾಳೆ ಬೆಳಿಗ್ಗೆ ನರದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಪುಡಿಯ ಡಬ್ಬವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿ ಬಂದಿದ್ದೇನೆ. ಆ ಕೈಗೆ ಮತ್ತೆ ಬಿಸಿ ತಂಪು ತಿಳಿಯುತ್ತದೋ ಇಲ್ಲವೋ, ಡಾಕ್ಟರಾದರೂ ಹೇಳುತ್ತಾರೋ ಏನೋ.

ಸಂಜೆ ಮನೆಗೆ ಬಂದು ಮಗುವಿನ ಸ್ನಾನಕ್ಕೆ ನೀರು ಬೆರೆಸಿ ಅಂಗೈ ಅದ್ದಿದೆ. ಹದವಾಗಿದೆ ಅನ್ನಿಸಿತು. ಮತ್ತೊಮ್ಮೆ ಅದ್ದಿದೆ. ಮಗು ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. ಕೊನೆಗೆ ಅತ್ತೆಯನ್ನು ಕೂಗಿದೆ.

"ಸ್ವಲ್ಪ ಬಂದು ನೀವೂ ಕೈ ಹಾಕಿ ನೋಡಿ ಅತ್ತೆ."