ಕೋಲಿನ ಇನ್ನೊಂದು ತುದಿ

ಗಾಳದ ಕೋಲನ್ನು ಆರಿಸುವುದಕ್ಕೆ ಇಬ್ಬರು ಬೇಕು. ಹೆಣ್ಣು ನೋಡುವುದಕ್ಕೆ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊರಡುವಾಗ ಒಂದು ಬಿದಿರಿಗೆ ಇಬ್ಬರು ಅತಿರೇಕವೇನಲ್ಲ. ಬುಡ ಹಿಡಿದವನಿಗೆ ಕೋಲಿನ ಭಾರ ತಿಳಿಯುತ್ತದೆಯೇ ಹೊರತು ಅದರ ಸ್ವಭಾವ ತಿಳಿಯುವುದಿಲ್ಲ. ತುದಿಯನ್ನು ಇನ್ನೊಬ್ಬರು ಜಗ್ಗಿದಾಗಲೇ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಹಟ ಹಿಡಿಯುತ್ತದೆ ಎಂಬುದು ಗೊತ್ತಾಗುವುದು.

ಈ ಸಂಗತಿ ನೆನಪಾದದ್ದು ಒಂದು ಮರದ ಮೀನಿನಿಂದ. ಕಳ್ಳಂಬೆಳ್ಳ ಕೆರೆಯ ದೊಡ್ಡ ಕೊರವ ಮೀನುಗಳನ್ನು ವಂಚಿಸಲೆಂದು ಸ್ನೇಹಿತರೊಬ್ಬರು ಬೆಂಗಳೂರು ದಂಡಿನ ದೊರೆಗಳ ಅಂಗಡಿಯಿಂದ ತಂದುಕೊಟ್ಟದ್ದು: ಹಸುರು ಬಣ್ಣ, ಗಾಜಿನ ಕಣ್ಣು, ಹೊಟ್ಟೆಯಡಿ ಎರಡು ಗಾಳ, ಎಳೆ ಮಾವಿನಕಾಯಿಯಷ್ಟು ತೂಕ. ನನ್ನ ಹಳೆಯ ಸಣಕಲು ಕೋಲಿಗೆ ಕಟ್ಟಿ ಬೀಸಿದರೆ, ಆ ಭಾರಕ್ಕೆ ತುದಿ ಬಳುಕಿ, ಮೀನು ಹಿಂದಿರುಗಿ ನನ್ನ ರುಮಾಲಿಗೇ ಕಚ್ಚಿಕೊಂಡಿತು. ನನ್ನ ಮತ್ಸ್ಯಬೇಟೆಯ ಚರಿತ್ರೆಯಲ್ಲಿ ಅಷ್ಟು ದೊಡ್ಡ ಪ್ರಾಣಿ ಗಾಳಕ್ಕೆ ಸಿಕ್ಕಿದ್ದು ಅದೇ ಮೊದಲು.

ಬಿರುಸಾದ ಕೋಲು ಬೇಕೆಂದು ಶಿರಾದ ಬಿದಿರಂಗಡಿಗೆ ಹೋದೆ. ಹಿಂದೆಲ್ಲ ಅಲ್ಲಿ ತುದಿ ಹಿಡಿಯುತ್ತಿದ್ದವಳು ನನ್ನ ಹೆಂಡತಿ ನಂಜಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಜಗ್ಗಿ, ಒಮ್ಮೆ ಸಡಿಲ ಬಿಟ್ಟು, ಮತ್ತೆ ಜಗ್ಗಿ, "ಇದು ನಿಮ್ಮಂಗೇ ಕಣ್ರೀ, ಎಳದಂಗೆಲ್ಲ ಬತ್ತದೆ. ಬ್ಯಾಡ ಬುಡಿ" ಎಂದು ತೀರ್ಪು ಕೊಡುತ್ತಿದ್ದಳು. ಕಳೆದ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಒಂದು ಸೌತೆಕಾಯಿ ಆರಿಸುವುದಕ್ಕೂ ನನಗೆ ಕೈ ಬರುತ್ತಿಲ್ಲ.

ಅಂಗಡಿಯ ಸಾಬರು ತಾವಾಗಿಯೇ ತುದಿ ಹಿಡಿದರು. ಆದರೆ ಎಷ್ಟು ಮರ್ಯಾದೆಯಿಂದ ಜಗ್ಗಿದರೆಂದರೆ ಪ್ರತಿಯೊಂದು ಕೋಲೂ ಸರ್ವಗುಣಸಂಪನ್ನವಾಗಿ ಕಂಡಿತು. ಇನ್ನೂ ಜಗ್ಗಿ ಎಂದೆ. ಅವರು ಕೋಲನ್ನು ಮೆಲ್ಲಗೆ ಇಳಿಸಿ, "ಅಮ್ಮಾವ್ರಂಗೆ ಜಗ್ಗಾಕೆ ನಮಗೆ ಬರಾಕಿಲ್ಲ ಮೇಷ್ಟ್ರೇ" ಎಂದರು. ಕೊನೆಗೆ ಒಂದು ಗಟ್ಟಿ ಗಂಡುಬಿದಿರನ್ನು ಅಂದಾಜಿನ ಮೇಲೆ ಹೊತ್ತು ತಂದು, ಸರಿಯೋ ತಪ್ಪೋ ಎಂದು ವಾರವಿಡೀ ಅದರ ಮುಖ ನೋಡುತ್ತ ಕೂತೆ.

ಭಾನುವಾರ ದಾರ ಸುತ್ತುವ ರಾಟೆಯನ್ನು ಹೊಸ ಕೋಲಿನ ಬುಡಕ್ಕೆ ಕಟ್ಟಿ, ಕೆರೆಯ ಏರಿಯ ಮೇಲೆ ನಿಂತು ಬೀಸಿದೆ. ಮರದ ಮೀನು ದೂರದ ಜೊಂಡಿನ ಅಂಚಿಗೆ ಹೋಗಿ ಬಿತ್ತು. ನೋಡಿದೆಯಾ ಎನ್ನಲು ಪಕ್ಕಕ್ಕೆ ತಿರುಗಿದರೆ ಯಾರಿದ್ದಾರೆ? ರಾಟೆ ಸುತ್ತತೊಡಗಿದೆ. ಅಷ್ಟರಲ್ಲಿ ದಾರ ಬಿಗಿಯಿತು. ಒಮ್ಮೆ ಜಗ್ಗಿತು, ಸಡಿಲವಾಯಿತು, ಮತ್ತೆ ಜಗ್ಗಿತು. ಕೋಲು ನಡುವಿನಲ್ಲಿ ಮಾತ್ರ ಬಾಗಿ ನಿಂತಿತು. ರಾಟೆ ಸುತ್ತಬೇಕಾದ ಕೈ ಸುಮ್ಮನಾಯಿತು.

"ಸಾಕು ಬಿಡೇ, ಇದನ್ನೇ ತಗೊಂಡಿದೀನಿ" ಎಂದೆ, ಗಟ್ಟಿಯಾಗಿಯೇ.

ದಾರ ಜೋಲು ಬಿತ್ತು. ಕೋಲು ಒಳ್ಳೆಯದೇ, ಬುಡ ಹಿಡಿದ ನನಗೂ ಅಷ್ಟು ತಿಳಿಯಿತು. ಬೇಡವೆನ್ನುವುದಕ್ಕೆ ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ.