ಅಣ್ಣನಿಗೆ ಹಾಡು, ತಮ್ಮನಿಗೆ ತಬಲಾ

ದುಬಾರಿ ಸ್ಟೀರಿಯೋ ಮಾರುವುದು ಹೇಗೆಂದು ತಿಳಿಯಬೇಕೆ? ರವಿವಾರ ಪೇಟೆಯ ಹಿಂದಿನ ಗಲ್ಲಿಯ ಆ ಅಂಗಡಿಯಲ್ಲಿ ಅರ್ಧ ತಾಸು ಕುಳಿತರೆ ಸಾಕು. ಕಳೆದ ತಿಂಗಳು ನಾನು ಕುಳಿತಿದ್ದೆ.

ಜೊತೆಗೆ ಖಾನಾಪುರದಿಂದ ಬಂದ ಅಕ್ಕನ ಮಕ್ಕಳು, ಬಸಲಿಂಗ ಮತ್ತು ಮಲ್ಲಪ್ಪ. ಹೋದ ವರ್ಷ ಆಸ್ತಿ ಪಾಲಾಗಿ ಮನೆಯ ನಡುವೆ ಗೋಡೆ ಎದ್ದಿತ್ತು. ಆಮೇಲೆ ಇಬ್ಬರೂ ಕೂಡಿ ಕೊಳ್ಳಲು ಹೊರಟ ಮೊದಲ ವಸ್ತು ಇದು. ಅಕ್ಕನಿಗೆ ಅಷ್ಟೇ ಸಮಾಧಾನ. ಪೇಪರಿನವನಿಗೆ ರೇಟು ಗೊತ್ತಿರುತ್ತದೆ ಎಂದು ನನ್ನನ್ನೂ ಕರೆದೊಯ್ದಿದ್ದರು. (ನನಗೆ ಗೊತ್ತಿದ್ದುದು ನ್ಯೂಸ್‌ಪ್ರಿಂಟ್ ರೇಟು.)

ಮಾಲೀಕ ಮೊದಲು ಸಣ್ಣ ಟೇಪ್ ರೆಕಾರ್ಡರ್ ಹಚ್ಚಿದ, ಮೆಲ್ಲಗೆ. ಆಮೇಲೆ ಅದೇ ಕ್ಯಾಸೆಟ್ಟನ್ನು ಎರಡು ದೊಡ್ಡ ಸ್ಪೀಕರಿನ ಸ್ಟೀರಿಯೋಗೆ ಹಾಕಿ ವಾಲ್ಯೂಮ್ ಪೂರಾ ತಿರುಗಿಸಿದ. ಕಪಾಟಿನ ಗಾಜು ಅದುರಿತು. ಬೆಲೆ ನಾಲ್ಕು ಪಟ್ಟು. ಸಣ್ಣದನ್ನೂ ಜೋರಾಗಿ ಹಚ್ಚಿ ತೋರಿಸಿ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡು ಸ್ಪೀಕರುಗಳನ್ನು ದೂರ ದೂರ ಇಡಬಹುದೇ ಎಂದು ಮಲ್ಲಪ್ಪ ವಿಚಾರಿಸಿದ.

"ದೂರ ಇಟ್ಟಷ್ಟೂ ಚಲೋರಿ" ಎಂದ ಮಾಲೀಕ.

ದೊಡ್ಡದನ್ನೇ ಕೊಂಡು ಊರಿಗೆ ಹೋದವರೇ ನಡುವಿನ ಗೋಡೆಗೆ ತೂತು ಕೊರೆದು ವಾಯರ್ ಎಳೆದರು. ಅಣ್ಣನ ಪಡಸಾಲೆಯಲ್ಲಿ ಸೆಟ್ಟು ಮತ್ತು ಒಂದು ಸ್ಪೀಕರ್, ತಮ್ಮನ ಪಡಸಾಲೆಯಲ್ಲಿ ಇನ್ನೊಂದು. ಸ್ಟೀರಿಯೋದಲ್ಲಿ ಒಂದು ಕಡೆ ಒಂದಷ್ಟು ದನಿ, ಇನ್ನೊಂದು ಕಡೆ ಉಳಿದದ್ದು ಬರುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು?

ವಾರದೊಳಗೆ ಮಲ್ಲಪ್ಪ ನನ್ನ ಆಫೀಸಿಗೆ ಬಂದ.

"ಮಾಮಾ, ಹಾಡೆಲ್ಲಾ ಅಣ್ಣನ ಮನ್ಯಾಗ. ನಮ್ಮ ಮನ್ಯಾಗ ಬರೇ ತಬಲಾ. ಪಾಲು ಮಾಡೂ ಮುಂದೂ ಹಿಂಗ ಆಗಿತ್ತು."

ಬಸಲಿಂಗನನ್ನೂ ಕರೆಸಿ, ಸೆಟ್ಟು ಹೊತ್ತು ಮತ್ತೆ ಅಂಗಡಿಗೆ ಹೋದೆವು. ಮಾಲೀಕ ನಗಲಿಲ್ಲ. 'ಮೋನೋ' ಎಂದು ಬರೆದಿದ್ದ ಬಟನ್ ಒತ್ತಿದ. ಎರಡೂ ಸ್ಪೀಕರಿನಲ್ಲಿ ಹಾಡೂ ಬಂತು, ತಬಲಾವೂ ಬಂತು. ಖರ್ಚಿಲ್ಲದೆ ಮುಗಿಯಿತಲ್ಲ ಎಂದುಕೊಂಡೆ.

ಆತ ಸೆಟ್ಟಿನ ಧೂಳು ಒರೆಸುತ್ತ, ಯಾವ ಕಡೆ ಆವಾಜು ಎಷ್ಟು ಬರಬೇಕೆಂದು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನೂ ತೋರಿಸಿದ. ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿದ.

"ಅಂದಂಗ, ಈ ಸೆಟ್ಟು ಯಾರ ಮನ್ಯಾಗ ಇರ್ತೈತ್ರಿ?"

ಬಸಲಿಂಗ ತಮ್ಮನನ್ನು ನೋಡಿದ. ಮಲ್ಲಪ್ಪ ಕಪಾಟನ್ನು ನೋಡಿದ. ಅಲ್ಲಿ ಅಂಥದೇ ಇನ್ನೊಂದು ಸೆಟ್ಟಿತ್ತು. ಬೇಕಿದ್ದರೆ ಸಣ್ಣ ಟೇಪ್ ತೆಗೆದುಕೋ ಎಂದು ಅವನ ಕಿವಿಯಲ್ಲಿ ಹೇಳಿದೆ.

"ಅಣ್ಣಂದು ದೊಡ್ಡದು, ನಂದು ಸಣ್ಣದೇನು ಮಾಮಾ?"

ಮೊದಲಿನದನ್ನು ಬಸಲಿಂಗನೇ ಇಟ್ಟುಕೊಂಡ. ಎರಡನೆಯದು ತಮ್ಮನ ಮನೆಗೆ ಹೋಯಿತು. ಈ ಸಲ ಮಾಲೀಕ ಒಂದೂ ಸುಳ್ಳು ಹೇಳಲಿಲ್ಲ, ವಾಲ್ಯೂಮ್ ಕೂಡ ಏರಿಸಲಿಲ್ಲ.

ಇಬ್ಬರೂ ಸಂಶಯವನ್ನು ಮನೆಯಿಂದಲೇ ತಂದಿರುವಾಗ, ಅದಕ್ಕೊಂದು ಬೆಲೆ ಹಚ್ಚಿದ ಅಂಗಡಿಯವನನ್ನು ಏನೆಂದು ದೂರುವುದು?