ಎಡ ಹೆಗಲಿನ ಚೀಲ

ಬೆಳಗಿನ ಐದೂವರೆಗೆ ಮಾನಮ್ಮ ಯಾರ ಮುಂದೆಯೂ ಆಡದ ಮಾತೊಂದನ್ನು ತಮಗೆ ತಾವೇ ಒಪ್ಪಿಕೊಳ್ಳುತ್ತಾರೆ: ತಾವೇ ಹೊಲಿದ ಈ ಚೀಲದ ಮೇಲೆ ತಮಗೆ ಭರವಸೆಯಿಲ್ಲ.

ಕೊಂಢವಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವರ ಅಂಗಡಿ. ಒಂದು ಹೊಲಿಗೆ ಮಷೀನು, ಒಂದು ಸ್ಟೂಲು ಹಿಡಿಸುವಷ್ಟೇ ಜಾಗ. ಮೊಳೆಗೆ ತೂಗುತ್ತಿರುವುದು ಕ್ಯಾಮೆರಾ ಒಯ್ಯುವ ಬಗಲಚೀಲ. ಬೂದು ಬಣ್ಣ, ಒಳಗೆ ಮೂರು ಪದರ ಫೋಮ್, ಒಂದೇ ಅಗಲವಾದ ಪಟ್ಟಿ. ಎಂಟು ಗಂಟೆಗೆ ಊರಿನ ಇನ್ನೊಂದು ಕಡೆಯ ಕೋಥರೂಡದಿಂದ ಯಶ್ಮಿತಾ ಬಂದು ಒಯ್ಯುತ್ತಾಳೆ. ನಾಮಕರಣ, ನಿಶ್ಚಿತಾರ್ಥಗಳ ಫೋಟೊ ತೆಗೆಯುವ ಹುಡುಗಿ. ಅಪ್ಪ ಅಮ್ಮ ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸುವವರು. ನಿನ್ನೆ ಸಂಜೆ ಅವಳು ಮೊಬೈಲಿಗೆ ಒಂದು ಫೋಟೊ ಕಳಿಸಿದ್ದಳು. ಹಳೆಯ ಚೀಲ ಹಾಕಿಕೊಂಡು ನಗುತ್ತ ನಿಂತಿದ್ದಾಳೆ, ಇನ್ನು ಇದಕ್ಕೆ ರಜೆ ಎಂದು ಬರೆದಿದ್ದಾಳೆ. ಮಾನಮ್ಮನವರ ಕಣ್ಣಿಗೆ ಬಿದ್ದದ್ದು ನಗುವಲ್ಲ. ಪಟ್ಟಿ ಅವಳ ಎಡ ಹೆಗಲ ಮೇಲಿತ್ತು.

ಹೊಲಿದ ಚೀಲವನ್ನು ಮಾನಮ್ಮ ಜೋಳದಿಂದ ಪರೀಕ್ಷಿಸುತ್ತಾರೆ. ಕ್ಯಾಮೆರಾದ ತೂಕಕ್ಕೆ ಒಂದು ದೊಡ್ಡ ಗಂಟು, ಲೆನ್ಸುಗಳ ತೂಕಕ್ಕೆ ಎರಡು ಚಿಕ್ಕ ಗಂಟು. ಅವನ್ನು ಒಳಗಿಟ್ಟು, ಚೀಲ ಹೆಗಲಿಗೇರಿಸಿ, ಮೂರು ಮಹಡಿ ಹತ್ತಿ ಇಳಿಯುತ್ತಾರೆ. ಯಾವತ್ತೂ ಬಲ ಹೆಗಲಿಗೇ. ಎಡ ಹೆಗಲ ಮೇಲೆ ಸೆರಗಿರುತ್ತದೆ, ಪಟ್ಟಿ ಅದನ್ನು ಎಳೆಯುತ್ತದೆ. ಇದನ್ನು ಅವರು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹಾಗೆ ಮಾಡುತ್ತಿತ್ತು. ಇಂದು ಸೆರಗು ಮಡಿಚಿ, ಪಿನ್ನು ಚುಚ್ಚಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲ ಸಲ ಎಡ ಹೆಗಲಿಗೆ ಹಾಕಿಕೊಂಡು ಹತ್ತುತ್ತಾರೆ.

ಎರಡನೆಯ ಮಹಡಿಯ ತಿರುವಿನಲ್ಲಿ ಚಿಕ್ಕದೊಂದು ಗಂಟು ದೊಪ್ಪನೆ ಕೆಳಗೆ ಬೀಳುತ್ತದೆ.

ಬಲ ಹೆಗಲಿಗಾದರೆ ಮುಚ್ಚಿದ ಚೈನಿನ ರನ್ನರು, ಎಂದರೆ ಎಳೆಯುವ ಕೊಂಡಿ, ಮೇಲ್ತುದಿಯಲ್ಲಿ ನಿಲ್ಲುತ್ತದೆ. ಎಡಕ್ಕೆ ಬದಲಿಸಿದರೆ ಚೀಲ ಇನ್ನೊಂದು ಕಡೆಗೆ ಓರೆಯಾಗಿ ಅದೇ ತುದಿ ಕೆಳಗಾಗುತ್ತದೆ; ಒಳಗಿನ ಭಾರ ಒತ್ತಿ ಒತ್ತಿ ಬಾಯಿ ಬಿಡಿಸುತ್ತದೆ. ಡಬ್ಬಿ ಹಿಡಿದು ಟೈಲ್ಸ್ ಕೆಲಸಕ್ಕೆ ಹೊರಟಿದ್ದ ಗಂಡ ಹೊಳಬಸಪ್ಪ ಗಂಟನ್ನು ಎತ್ತಿಕೊಟ್ಟು, "ಹಡದಿ ನೋಡು, ಜೋಳದ ಕೂಸು" ಎನ್ನುತ್ತಾರೆ. ಹೆಂಡತಿ ನಗದಿದ್ದದ್ದು ಕಂಡು, ಬಲ ಹೆಗಲಿಗೆ ಹಾಕಿಕೋ ಅಂತ ಆ ಹುಡುಗಿಗೆ ಹೇಳಿದರಾಯಿತು ಬಿಡು ಎಂದು ಸಮಾಧಾನ ಹೇಳಿ ಹೋಗುತ್ತಾರೆ.

ಹಾಗೆ ಹೇಳುವಂತಿಲ್ಲ. ಸ್ಕೂಟರಿನಿಂದ ಬಿದ್ದ ಮೇಲೆ ಯಶ್ಮಿತಾಳ ಒಂದು ಹೆಗಲು ಭಾರ ತಾಳುವುದಿಲ್ಲ. ಮೊದಲ ದಿನವೇ ಅವಳು ಹೆಗಲು ನೋವು ಎಂದಿದ್ದಳು. ಮಾನಮ್ಮ ಪಟ್ಟಿಗೆ ಇನ್ನೊಂದು ಪದರ ಫೋಮ್ ಕೂಡಿಸಿದರು. ಯಾವ ಹೆಗಲು ಎಂದು ಕೇಳಲಿಲ್ಲ; ನೋವಿರುವುದು ಬಲಕ್ಕೆ ಎಂದು ತಿಳಿದದ್ದು ನಿನ್ನೆಯ ಫೋಟೊದಿಂದ.

ಭಾರ ಎಲ್ಲಿ ಕೂತರೆ ಮೈಗೆ ಹಗುರ ಎಂಬುದನ್ನು ಮಾನಮ್ಮ ಯಾದಗಿರಿ ಕಡೆಯಿಂದ ಇಲ್ಲಿಗೆ ಬಂದ ಹೊಸತರಲ್ಲಿ ಕಲಿತರು. ಇಪ್ಪತ್ತೆರಡು ವರ್ಷದ ಹಿಂದೆ, ಕಟ್ಟಡದ ಕೆಲಸ, ತಲೆ ಮೇಲೆ ಇಟ್ಟಂಗಿ, ಬಗಲಿಗೆ ಹಳೇ ಸೀರೆಯಲ್ಲಿ ಕಟ್ಟಿಕೊಂಡ ಮಗಳು. "ಕೂಸು ಸೊಂಟದ ಮ್ಯಾಲೆ ಕುಂತ್ರ ನಡೀಬಹುದ್ರಿ. ಒಂದು ಗೇಣು ಕೆಳಗ ಜೋತ್ರ ಬೆನ್ನು ಮುರೀತದ" ಎನ್ನುತ್ತಾರೆ. ಮೊಣಕಾಲು ಸೋತ ಮೇಲೆ ಚೀಲದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಫೋಮ್ ಕತ್ತರಿಸಿದರು. ಅದು ಮುಚ್ಚಿದಾಗ ಮನೆಗೆ ಬಂದದ್ದು ಈ ಹಳೆಯ ಮಷೀನು.

ಈಗ ದಿನಕ್ಕೆ ಹನ್ನೆರಡರಿಂದ ಹದಿನೈದು ಚೈನು ರಿಪೇರಿ, ಶಾಲೆ ತೆರೆಯುವ ಜೂನಿನಲ್ಲಿ ನಲವತ್ತು. ಕ್ಯಾಮೆರಾ ಚೀಲ ಇದುವರೆಗೆ ಒಂಬತ್ತು, ಇದು ಹತ್ತನೆಯದು. ಕೊಳ್ಳಲು ಬಂದವರಿಗೆ ಅವರು ಜೇಬುಗಳ ಲೆಕ್ಕ ಹೇಳುವುದಿಲ್ಲ. "ಖಾಲಿ ಇದ್ದಾಗ ಎಲ್ಲಾ ಚೀಲ ಹಗೂರರಿ. ನಿಮ್ಮ ಸಾಮಾನು ತುಂಬಿ ಹೆಗಲಿಗೆ ಹಾಕ್ರಿ, ಚಪ್ಪಲಿ ಹಾಕೋಳಾಕ ಬಗ್ಗ್ರಿ. ಮುಂದಕ ಬಂದು ಮಾರಿಗೆ ಬಡೀತಂದ್ರ ಅದು ನಿಮ್ಮ ಚೀಲ ಅಲ್ಲ." ಅಂಗಡಿಯ ಹೊರಗಿನ ಫಲಕದಲ್ಲಿ ಮರಾಠಿಯಲ್ಲಿ ಚೈನ್ ದುರಸ್ತಿ ಎಂದಷ್ಟೇ ಇದೆ. ಚೀಲ ಹೊಲಿಯುವವರು ಮಾನಮ್ಮ ಎಂದು ಬರೆಸುವ ಆಸೆ ಅವರಿಗೆ. ಹೊಸ ಚೀಲ ಹೇಗಿದೆ ಎಂದು ಯಶ್ಮಿತಾಳ ಬಾಯಿಂದ ಕೇಳಲು ಅವಳಂತೆಯೇ ಫೋಟೊ ತೆಗೆಯುವ ಐವರು ಗೆಳೆಯರು ಕಾದಿದ್ದಾರೆ. ಅವಳು ಚಲೋ ಅಂದರೆ ಫಲಕ ಬದಲಾಗುತ್ತದೆ. ಕೆಟ್ಟದ್ದಂದರೆ ಮತ್ತೆ ಶಾಲೆಯ ಚೈನುಗಳೇ. ಆ ಒಂಬತ್ತು ಚೀಲಗಳನ್ನು ಯಾರು ಯಾರು ಎಡಕ್ಕೆ ಹಾಕಿಕೊಂಡು ತಿರುಗುತ್ತಿದ್ದಾರೋ ಎಂಬ ಯೋಚನೆ ಬಂದು ಅವರು ಅರ್ಧ ಕುಡಿದ ಚಹಾ ಕೆಳಗಿಡುತ್ತಾರೆ.

ಚೈನನ್ನು ಬಿಚ್ಚಿ ತಿರುಗಿಸಿ ಹಾಕಲು ಅರ್ಧ ದಿನ ಬೇಕು. ಎಂಟಕ್ಕೆ ಐದು ನಿಮಿಷವಿರುವಾಗಲೇ ಸ್ಕೂಟರಿನ ಸದ್ದು.

ಯಶ್ಮಿತಾ ಊರಾಚೆಯ ದೇಹೂ ರೋಡ್‌ಗೆ ಹೊರಟವಳು. ಸೈನ್ಯದಿಂದ ನಿವೃತ್ತರಾದವರೊಬ್ಬರ ಮನೆಯ ಸಮಾರಂಭ. ಒಂದು ಲೆನ್ಸು ಬಾಡಿಗೆಗೆ ತಂದದ್ದು, ಗೀರು ಬಿದ್ದರೂ ತನ್ನ ಕಥೆ ಮುಗಿಯಿತು ಎಂದು ನಗುತ್ತಾಳೆ. ಪೇಟೆಯ ದೊಡ್ಡ ಅಂಗಡಿಯಿಂದ ನೋಡಲೆಂದು ತಂದ ಇನ್ನೊಂದು ಬಗಲಚೀಲ ಸ್ಕೂಟರಿನ ಕೊಕ್ಕೆಯಲ್ಲಿದೆ. ಅದು ಗಟ್ಟಿ, ಆದರೆ ಪೆಟ್ಟಿಗೆಯ ಹಾಗೆ ಬಿರುಸು; ಇವತ್ತೇ ವಾಪಸು ಕೊಡುತ್ತಾಳಂತೆ. ಬೂದು ಚೀಲವನ್ನು ಮೊಳೆಯಿಂದ ತಾನೇ ಎತ್ತಿ, ಕ್ಯಾಮೆರಾ ಇಟ್ಟು, ಎಡ ಹೆಗಲಿಗೆ ಹಾಕಿಕೊಂಡು, ಮಾನಮ್ಮ ಕಲಿಸಿದಂತೆಯೇ ಚಪ್ಪಲಿಗೆ ಬಗ್ಗಿ ಏಳುತ್ತಾಳೆ. ಚೀಲ ಕದಲುವುದಿಲ್ಲ.

"ಹೆಗಲ ಮೇಲೆ ಉಂಟು ಅಂತಲೇ ಗೊತ್ತಾಗುದಿಲ್ಲ ಅಕ್ಕ. ಗ್ರೂಪಿನಲ್ಲಿ ಈಗಲೇ ಹಾಕ್ತೇನೆ."

ಅವಳು ಮೊಬೈಲು ತೆಗೆಯುತ್ತಾಳೆ. ಮಾನಮ್ಮನವರ ಕಣ್ಣು ಕೆಳತುದಿಯಲ್ಲಿರುವ ರನ್ನರಿನ ಮೇಲಿದೆ. ಚೈನು ನಿಂತರೂ ನಿಲ್ಲಬಹುದು. ರಸ್ತೆ ಚೆನ್ನಾಗಿದ್ದರೆ ನಿಲ್ಲಬಹುದು.

"ಲೆನ್ಸೂ ಇದರಲ್ಲೇ ಇಡ್ತೇನೆ, ಆಯ್ತಾ ಅಕ್ಕ? ಧೈರ್ಯದಲ್ಲಿ ಹೋಗಬಹುದಲ್ಲ?"

ಮಾನಮ್ಮ ಕೈ ಚಾಚಿ ಪಟ್ಟಿಯನ್ನು ಹಿಡಿದುಕೊಳ್ಳುತ್ತಾರೆ.

"ಬ್ಯಾಡ ತಂಗೆವ್ವ. ಇವತ್ತು ಆ ಅಂಗಡಿ ಚೀಲನೇ ಒಯ್ಯಿ. ಇದನ್ನ ನಾ ನನ್ನ ಸೆರಗು ನೋಡಿ ಹೊಲದೀನಿ, ನಿನ್ನ ಹೆಗಲು ನೋಡಿ ಅಲ್ಲ."